ಎರಡು ಡಬ್ಬಿ, ಒಂದು ಕೋಟೆ ಮತ್ತು ನನ್ನ ತವರು

ನಮ್ಮ ಮನೆಯಲ್ಲಿ ಯಾವ ಕೆಲಸವೂ ಹೊರಟ ದಾರಿಯಲ್ಲೇ ಹೋಗಿ ಮುಗಿದದ್ದನ್ನು ನಾನು ಕಂಡಿಲ್ಲ. ಫ್ಯಾನಿನ ಧೂಳು ಒರೆಸಲು ಏಣಿ ಹತ್ತಿದ ನಮ್ಮ ಯಜಮಾನರು, ಸಂಜೆಯ ಹೊತ್ತಿಗೆ ಅದೇ ಫ್ಯಾನನ್ನು ಬಿಚ್ಚಿ ಹಾಸಿಗೆಯ ಮೇಲೆ ಹರಡಿಕೊಂಡು ಕುಳಿತಿರುತ್ತಾರೆ. ಇಂಥವು ವಾರಕ್ಕೊಂದು ನಡೆಯುತ್ತವೆ. ಎಲ್ಲವನ್ನೂ ಬರೆಯಲು ಹೊರಟರೆ ಕಾಗದ ಸಾಲದು. ಆದರೆ ಕಳೆದ ಶ್ರಾವಣದಿಂದ ದೀಪಾವಳಿಯವರೆಗೆ ನಡೆದದ್ದನ್ನು ಮಾತ್ರ ಬರೆಯದೆ ಬಿಡಲು ಮನಸ್ಸು ಒಪ್ಪಲಿಲ್ಲ. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ನಾಲ್ಕು ಜನರ ಮುಂದೆ ನಿಂತು ಹೇಳು ಎಂದರೆ ನನ್ನ ಬಾಯಿ ಏಳುವುದಿಲ್ಲ. ಕಾಗದದ ಮುಂದೆ ಯಾರೂ ಇರುವುದಿಲ್ಲವಾದ್ದರಿಂದ ಇಷ್ಟು ಧೈರ್ಯ ಬಂದಿದೆ.

ಬಸವಕಲ್ಯಾಣದಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮನೆಯ ಮುಂಭಾಗವೇ ಯಜಮಾನರ ದುರಸ್ತಿ ಅಂಗಡಿ. ಮೊದಲು ಟಿವಿ, ರೇಡಿಯೋ ಬರುತ್ತಿದ್ದವು. ಈಗ ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ ಬರುತ್ತವೆ. ನನ್ನ ತವರು ಹುಮನಾಬಾದ. ಅಲ್ಲಿ ನನ್ನ ಅವ್ವ, ತಮ್ಮ ಮತ್ತು ಅವನ ಹೆಂಡತಿ ಇದ್ದಾರೆ. ತಮ್ಮನದು ಝೆರಾಕ್ಸ್ ಅಂಗಡಿ. ಎರಡು ಊರುಗಳ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆ ಒಂದು ತಾಸಿನ ದಾರಿಯನ್ನು ದಾಟಲು ನನಗೆ ಮೂರು ತಿಂಗಳು ಹಿಡಿಯಿತು.

ಕರೆಯಲು ಬಂದವನು

ನಾಗಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಆದರೆ ತಾವಾಗಿಯೇ ಚೀಲ ಹಿಡಿದು ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ನನ್ನ ತಮ್ಮ ಒಂದು ವರ್ಷವೂ ತಪ್ಪಿಸಿದವನಲ್ಲ. ಕಳೆದ ವರ್ಷವೂ ಹಬ್ಬದ ಹಿಂದಿನ ದಿನ ಬೆಳಿಗ್ಗೆಯೇ ಬಂದ.

ಅವನು ಬರುವ ಎರಡು ದಿನ ಮೊದಲು ಯಜಮಾನರು ಯಾವುದೋ ವೈರು ಹುಡುಕುತ್ತ ಅಟ್ಟ ಹತ್ತಿ, ಒಂದು ಗೋಣಿಚೀಲವನ್ನು ಇಳಿಸಿದ್ದರು. ಅದರೊಳಗೆ ಟಿವಿಗೆ ಜೋಡಿಸಿ ಆಡುವ ಹಳೆಯ ವಿಡಿಯೋ ಗೇಮಿನ ಬಿಳಿ ಡಬ್ಬಿ, ಎರಡು ರಿಮೋಟು, ಒಂದಷ್ಟು ಕ್ಯಾಸೆಟ್ಟುಗಳು ಇದ್ದವು. ಮೂವತ್ತು ವರ್ಷಗಳ ಹಿಂದೆ ಅಂಗಡಿಯಲ್ಲಿ ಅದನ್ನಿಟ್ಟು, ಓಣಿಯ ಹುಡುಗರಿಗೆ ತಾಸಿನ ಲೆಕ್ಕದಲ್ಲಿ ಆಡಲು ಕೊಡುತ್ತಿದ್ದರು. ಬಿಳಿ ಡಬ್ಬಿ ಈಗ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಯಜಮಾನರು ಕ್ಯಾಸೆಟ್ಟಿನ ಬಾಯಿಗೆ ಉಫ್ ಉಫ್ ಎಂದು ಮೂರು ಬಾರಿ ಊದಿ ಹಾಕಿದರು. ಅದು ಚಾಲೂ ಆಯಿತು. ಅಂದು ಆಗದೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

ಆ ಆಟದಲ್ಲಿ ಕೈಯಲ್ಲಿ ಕಂದೀಲು ಹಿಡಿದ ಒಬ್ಬ ಸಣ್ಣ ಮನುಷ್ಯ ಕೋಟೆಯೊಳಗೆ ಓಡುತ್ತಾನೆ. ತಗ್ಗು ಬಂದರೆ ಹಾರಬೇಕು, ಬಾವಲಿ ಬಂದರೆ ಬಾಗಬೇಕು. ಹೀಗೆ ಏಳು ಸ್ಟೇಜು. ನಮ್ಮಲ್ಲಿ ಎಲ್ಲರೂ ಅದನ್ನು ಕೋಟೆ ಆಟ ಎನ್ನುತ್ತಾರೆ. ನಾನು ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಾಗ ತಮ್ಮ, "ಐದೇ ನಿಮಿಷ ಅಕ್ಕಾ, ಒಂದು ಕೈ ನೋಡ್ತೀನಿ," ಎಂದು ಕುಳಿತ. ತಮ್ಮನ ಬಳಿಯೂ ಇದೇ ಆಟವಿದೆ. ಆದರೆ ಅದು ಆಮೇಲೆ ಬಂದ ಬೇರೊಂದು ಜಾತಿಯ ಕರಿ ಡಬ್ಬಿ. ಪರಿಚಯದವರೊಬ್ಬರು ಸೌದಿಯಿಂದ ತಂದುಕೊಟ್ಟದ್ದು.

ಎರಡು ನಿಮಿಷ ಆಡಿದವನು ರಿಮೋಟು ಕೆಳಗಿಟ್ಟ.

"ಮಾಮಾ, ಇದು ನಖಲಿ ಅದ."

"ಏನು ನಖಲಿ?"

"ಆಟಾರಿ. ಇಂವ ಹಿಂಗ ಓಡ್ತಾನೇನ್ರಿ? ಹೋಳಿಗಿ ಉಂಡು ಹೊಟ್ಟಿ ಹಿಡ್ಕೊಂಡು ಹೊಂಟಂಗ ಕಾಣ್ತಾನ. ನನ್ನ ಕರಿ ಡಬ್ಬಿದಾಗ ಕುದುರಿ ಹಂಗ ಓಡ್ತಾನ."

"ಕೋಟ್ಯಾಗ ಕತ್ತಲಿ ಇರ್ತದ. ಕತ್ತಲ್ಯಾಗ ಯಾವ ಶ್ಯಾಣ್ಯಾ ಕುದುರಿ ಹಂಗ ಓಡ್ತಾನ? ಕೋಟಿ ಅಂದ್ರ ಏನಂತ ಹುಮನಾಬಾದದವ್ರಿಗಿ ಏನು ಗೊತ್ತು? ನಿಮ್ಮೂರಾಗ ಒಂದರೆ ಕೋಟಿ ಅದ ಏನು?"

"ನಿಮ್ಮೂರ ಕೋಟ್ಯಾಗ ಬಾವಲಿ ಹಿಂಗ ಮಿಣಮಿಣ ಅಂತಾವೇನ್ರಿ? ನಾಕು ಬಾವಲಿ ಬಂದ್ರ ಒಂದು ಮಾಯ ಆಗ್ತದ!"

"ಅಸಲಿ ಬಾವಲಿ ಹಂಗೇ ಮಾಯ ಆಗ್ತಾವ. ನಿನ್ನ ಡಬ್ಬಿದಾಗ ಇರೋವು ಕಾಗಿ ಇರಬೇಕು."

ನಾನು ಹಿತ್ತಲ ಬಾಗಿಲಿಗೆ ಕೀಲಿ ಹಾಕಿ, ಚೀಲ ಹಿಡಿದು ಮುಂದೆ ಬಂದಾಗ ಯಜಮಾನರು ಒಬ್ಬರೇ ಇದ್ದರು. "ಹೋದ. ಕ್ಯಾಸೆಟ್ ಬಿಚ್ಚಿ ನೋಡಿ, ನಖಲಿ ಅಂತ ತೋರಸ್ತಾನಂತ. ಹೋಗ್ಲಿ," ಎಂದರು. ಪೇಟೆಯ ತನಕ ಹೋಗಿರಬಹುದೆಂದು ತಿಳಿದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಒಂದು ತಾಸಿನ ಮೇಲೆ ಫೋನು ಬಂತು.

"ಅಕ್ಕಾ, ನಾ ಮನಿಗಿ ಮುಟ್ಟೀನಿ. ಅವ್ವ ಏನೋ ಕೇಳಾಕತ್ತಾಳ."

"ಏನು ಕೇಳಾಕತ್ತಾಳೋ?"

ಅವನು ದನಿ ತಗ್ಗಿಸಿ ಹೇಳಿದ: "'ಅಕ್ಕ ಎಲ್ಲಿ' ಅಂತ."

ಕ್ಯಾಸೆಟ್ಟನ್ನು ಮಾತ್ರ ಕರ್ಚೀಫಿನಲ್ಲಿ ಸುತ್ತಿ, ಎದೆಯ ಜೇಬಿನಲ್ಲಿ ಜೋಪಾನವಾಗಿ ಒಯ್ದಿದ್ದನಂತೆ.

ಹಿಂದೆ ಹೊಳೆ, ಮುಂದೆ ಬಾಗಿಲು

ಕ್ಯಾಸೆಟ್ಟನ್ನು ಮರುದಿನ ಬಸ್ಸಿನ ಡ್ರೈವರರ ಕೈಯಲ್ಲಿ ಕೊಟ್ಟು ಕಳಿಸಿದ. ನನ್ನನ್ನು ಕರೆಯಲು ಯಾರನ್ನೂ ಕಳಿಸಲಿಲ್ಲ. "ಮಾಮಾ ನಖಲಿ ಅಂತ ಒಪ್ಪಲಿ, ಅವತ್ತೇ ಬಂದು ಕರ್ಕೊಂಡು ಹೋಗ್ತೀನಿ," ಎಂದು ತಮ್ಮನ ಹಟ. "ನನ್ನ ಕ್ಯಾಸೆಟ್ ಬಿಚ್ಚಿದಾಂವ ಬಂದು ತಪ್ಪಾತು ಅನ್ಲಿ, ಅವತ್ತೇ ಕಳಸ್ತೀನಿ," ಎಂದು ಯಜಮಾನರ ಹಟ. ನಡುವೆ ನನ್ನ ಪಂಚಮಿ ಹೋಯಿತು. ಅವ್ವ ಕಟ್ಟಿಟ್ಟಿದ್ದ ಉಂಡಿಗಳನ್ನು ತಮ್ಮನೇ ತಿಂದ.

ಮಾತು ಬಿಟ್ಟಿದ್ದಾರೆ ಎನ್ನುವಂತೆಯೂ ಇರಲಿಲ್ಲ. ದಿನಾಲೂ ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ವಿಡಿಯೋ ಕಾಲಿನಲ್ಲಿ ಮಾತಾಡುತ್ತಿದ್ದರು. ಆದರೆ ಒಬ್ಬರ ಊರಿಗೆ ಇನ್ನೊಬ್ಬರು ಕಾಲಿಡುವುದಿಲ್ಲ ಎಂದು ಇಬ್ಬರೂ ಆಣೆ ಮಾಡಿದ್ದರು. ಇತ್ತ ಯಜಮಾನರು ಫೋನನ್ನು ಟಿವಿಯ ಮುಂದೆ ಹಿಡಿದು ಬಿಳಿ ಡಬ್ಬಿಯ ಕೋಟೆಯನ್ನು ತೋರಿಸಬೇಕು, ಅತ್ತ ತಮ್ಮ ಕರಿ ಡಬ್ಬಿಯ ಕೋಟೆಯನ್ನು ತೋರಿಸಬೇಕು. ಫೋನು ಹಿಡಿದ ಕೈಯಲ್ಲಿ ಆಡಲಾಗುವುದಿಲ್ಲವಲ್ಲ, ಹೀಗಾಗಿ ರಿಮೋಟು ನನ್ನ ಕೈಗೆ ಬಂತು. "ಎರಡನೇ ಸ್ಟೇಜ್ ತನಕ ನಡಸು, ಅಲ್ಲಿ ನಿಲ್ಸು," ಎಂದು ಅಪ್ಪಣೆ. ಅಲ್ಲಿ ತಮ್ಮನ ಹೆಂಡತಿಗೂ ಇದೇ ಚಾಕರಿ. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುವಂತಿರಲಿಲ್ಲ. ಅವಳ ಕಂದೀಲಿನ ಮನುಷ್ಯನನ್ನು ನಾನು, ನನ್ನವನನ್ನು ಅವಳು ನೋಡುತ್ತಿದ್ದೆವು.

ಒಂದು ದಿನ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಕೆಟ್ಟ ಮಿಕ್ಸರು ತಂದಳು. ಫೋನಿನಲ್ಲಿ ಯಾರೋ ಗಂಡಸರ ದನಿ ಕೇಳಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಿಕ್ಸರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಯಜಮಾನರು ತಿರುಗಿಯೂ ನೋಡಲಿಲ್ಲ.

"ನಿನ್ನ ಗ್ವಾಡಿಗಿ ಎಷ್ಟು ಸಾಲು ಕಲ್ಲ ಅವ?"

"ಹತ್ತು ಅವರಿ ಮಾಮಾ."

"ನಂದಕ್ಕ ಎಂಟೇ. ಗಟ್ಟಿ ಅವ. ಬಾಗಲಾ?"

"ಎಡಕ್ಕ. ಮ್ಯಾಲ ಕಮಾನ ಅದ. ಹಿಂದ ಗುಡ್ಡ ಕಾಣ್ತದ, ಗುಡ್ಡದ ಕೆಳಗ ಹೊಳಿ ಹರೀತದ. ನಿಮ್ಮದ್ರಾಗ ಹಿಂದ ಏನದರಿ?"

"ನಂದ್ರಾಗ ಬರೇ ನೀಲಿ ಆಕಾಶ. ಸಾಕು. ಹೊಳಿ ತಗೊಂಡು ಏನು ಮಾಡ್ತಿ?"

"ಸುಳ್ಳ ಯಾಕ ಅಂತೀರಿ, ಹೊಳಿ ಇದ್ರ ಚಂದ ಕಾಣ್ತದರಿ."

ಅಷ್ಟು ಹೊತ್ತು ತಡೆದುಕೊಂಡಿದ್ದ ಆ ಹೆಣ್ಣುಮಗಳು ಇನ್ನು ಸುಮ್ಮನಿರಲಾರದೆ ಮುಂದೆ ಸರಿದಳು. "ಅಣ್ಣಾರ, ನಡುವ ಬಾಯಿ ಹಾಕ್ತೀನಿ ಅಂತ ಸಿಟ್ಟಾಗಬ್ಯಾಡ್ರಿ. ಹಿಂದ ಹೊಳಿ ಇದ್ದ ಜಾಗಾದಾಗ ಮನಿ ತಗೋಬ್ಯಾಡ ಅನ್ರಿ. ಮಳಿಗಾಲಕ್ಕ ನೀರು ಒಳಗ ಬರ್ತದ. ನಮ್ಮ ಮೈದುನ ತಗೊಂಡು ಹೈರಾಣ ಆಗ್ಯಾನ."

ಯಜಮಾನರ ಮುಖ ಅರಳಿತು. ಫೋನಿನಲ್ಲಿ ಕೂಗಿದರು: "ಕೇಳಿದಿ ಏನು? ನಮ್ಮ ಓಣಿ ಮಂದೀನೂ ಹೇಳಾಕತ್ತಾರ, ನಿಂದು ಸರಿ ಇಲ್ಲ ಅಂತ!"

"ಓಣಿ ಮಂದಿಗಿ ಏನು ಗೊತ್ತದರಿ? ನಿಮ್ಮದ್ರಾಗಿನ ಬಾವಲಿ ತೋರಸ್ರಿ ಅವ್ರಿಗಿ!"

ಆಕೆ ನನ್ನತ್ತ ತಿರುಗಿ ಗಾಬರಿಯಿಂದ ಕೇಳಿದಳು. "ಬಾವಲಿನೂ ಅವ ಏನವ್ವಾ? ಹಂಗಾದ್ರ ಎರಡೂ ಬ್ಯಾಡ ಅನ್ರಿ. ನಮ್ಮ ಬಾಜು ಒಂದು ಪ್ಲಾಟ್ ಖಾಲಿ ಅದ."

ಟಿವಿಗೆ ಟಿಕೆಟ್

ಚೌತಿಯೂ ಬಂತು, ಗಣಪತಿಯೂ ಹೋದ. ನನಗೆ ಜಗಳವಾಡಲು ಬರುವುದಿಲ್ಲ. ಬಾಯಿ ತೆರೆದರೆ ಕಣ್ಣಲ್ಲಿ ಮೊದಲು ನೀರು ಬರುತ್ತದೆ, ಮಾತು ಆಮೇಲೆ. ಹೀಗಾಗಿ ನನ್ನ ಸಿಟ್ಟನ್ನು ನಾನು ಒಲೆಯ ಮೇಲೆ ತೋರಿಸುತ್ತೇನೆ. ಮೂರು ದಿನ, ಎರಡೂ ಹೊತ್ತು, ಬರೀ ಕಡಲೆಹಿಟ್ಟಿನ ಜುಣಕ ಮಾಡಿ ಬಡಿಸಿದೆ. ನಾಲ್ಕನೆಯ ದಿನ ತಾಟಿನಲ್ಲಿ ಮತ್ತೆ ಜುಣಕವನ್ನು ಕಂಡ ಯಜಮಾನರು ಕೈ ಮುಗಿದರು.

"ನಡಿ ಮಾರಾಯ್ತಿ, ನಾನೇ ಬಿಟ್ಟು ಬರ್ತೀನಿ. ಹುಮನಾಬಾದ ಬಸ್ ಸ್ಟ್ಯಾಂಡಿನಾಗ ನಿನ್ನ ಇಳಿಸಿ, ನಾ ಕೆಳಗ ಇಳೀಲಾರದೇ ತಿರುಗಿ ಬರ್ತೀನಿ. ಆಣಿ ಆಣೀನೇ."

ಇಳಿಯದೆ ಹೇಗೆ ತಿರುಗಿ ಬರುತ್ತಾರೆ ಎಂದು ನಾನು ಕೇಳಲಿಲ್ಲ. ಅವ್ವನಿಗೆ ಫೋನು ಮಾಡಿ, ಬರುತ್ತಿದ್ದೇನೆ ಎಂದೆ. ಅವ್ವ ಕೂಡಲೇ ಹೋಳಿಗೆಗೆ ಬ್ಯಾಳಿ ಬೇಯಿಸಲು ಇಟ್ಟಳಂತೆ.

ಬಸ್ಸು ನಡುದಾರಿಯ ರಾಜೇಶ್ವರಕ್ಕೆ ಬಂದು ನಿಂತಿತು. ಯಜಮಾನರು ಥಟ್ಟನೆ ಎದ್ದು, "ಇಳಿ, ಇಳಿ, ಹತ್ತು ನಿಮಿಷದ ಕೆಲಸ ಅದ," ಎಂದರು. ಇಳಿದ ಮೇಲೆ ವಿಷಯ ತಿಳಿಯಿತು. ಅಲ್ಲಿನ ಒಬ್ಬ ರೈತರ ಮನೆಯಲ್ಲಿ ಹಳೆಯ ಡಬ್ಬಾ ಟಿವಿ ಇದೆಯೆಂದು ಅವರಿಗೆ ಯಾರೋ ಹೇಳಿದ್ದರು. "ಈ ಆಟ ಹೊಸಾ ಟಿವಿದಾಗ ನೋಡೋದಲ್ಲ. ಹೊಸಾ ಟಿವಿ ಎಲ್ಲಾ ಚೌಕ ಚೌಕ ಮಾಡಿ ತೋರಸ್ತದ. ಡಬ್ಬಾ ಟಿವಿದಾಗ ನೋಡು, ಹ್ಯಾಂಗ ಮೆತ್ತಗ ಕಾಣ್ತದ! ಆಗ ನಿನ್ನ ತಮ್ಮ ಕಣ್ಣು ಬಿಟ್ಟು ನೋಡಬೇಕು," ಎಂದು ದಾರಿಯುದ್ದಕ್ಕೂ ಹೇಳುತ್ತ ನಡೆದರು.

ಟಿವಿ ದನದ ಕೊಟ್ಟಿಗೆಯ ಮೂಲೆಯಲ್ಲಿತ್ತು. ಅದರ ಮೇಲೊಂದು ಬುಟ್ಟಿ, ಬುಟ್ಟಿಯಲ್ಲಿ ಕಾವಿಗೆ ಕುಳಿತ ಕೋಳಿ. ಯಜಮಾನರು ಬುಟ್ಟಿಗೆ ಕೈ ಹಾಕಿದರೋ ಇಲ್ಲವೋ, ಮನೆಯ ಹಿರಿಯಮ್ಮ ಓಡಿ ಬಂದಳು.

"ಮುಟ್ಟಬ್ಯಾಡ್ರಿ! ಕಾವಿಗಿ ಕುಂತ ಕೋಳಿನ ಸರಿಸಿದ್ರ ತತ್ತಿ ಬಿಟ್ಟು ಹೋಗ್ತದ. ಅದು ತಾನೇ ಏಳ್ತದ, ಆವಾಗ ಒಯ್ಯರಿ."

"ಯಾವಾಗ ಏಳ್ತದರಿ?"

"ಅದಕ್ಕ ಹಸಿವಿ ಆದಾಗ."

ಕೋಳಿಗೆ ಹಸಿವಾಗಲು ಎರಡು ತಾಸು ಹಿಡಿಯಿತು. ಅಷ್ಟರಲ್ಲಿ ನಮಗೆ ಹಸಿವಾಗಿ, ಅವರ ಮನೆಯಲ್ಲೇ ರೊಟ್ಟಿ ತಿಂದೆವು. ಕೊನೆಗೂ ಟಿವಿ ಕೈಗೆ ಬಂತು. ಅದನ್ನು ಹೊತ್ತುಕೊಂಡು ಹುಮನಾಬಾದಕ್ಕೆ ಹೋಗಲಾಗದು. ಅದು ತಮ್ಮನ ಊರು, ಟಿವಿ ನಮ್ಮ ಪಕ್ಷದ್ದು. "ಇದನ್ನ ಮನಿಗಿ ಮುಟ್ಟಸಿ ನಾಳಿ ಹೋಗೋಣ," ಎಂದರು. ಆ ನಾಳೆ ಯಾವ ನಾಳೆ ಎಂಬುದು ನನಗೆ ಅಲ್ಲಿಯೇ ತಿಳಿದುಹೋಯಿತು.

ತಿರುಗಿ ಬರುವ ಬಸ್ಸಿನಲ್ಲಿ ಕಂಡಕ್ಟರರು ಟಿವಿಯನ್ನು ಸುತ್ತಲೂ ನೋಡಿ, "ಅಕ್ಕಾರಿಗಿ ಫ್ರೀ. ನಿಮಗೊಂದು, ಟಿವಿಗೊಂದು," ಎಂದು ಟಿಕೆಟ್ ಹರಿದರು. ಯಜಮಾನರ ಬಾಜು ಒಂದೇ ಸೀಟು ಖಾಲಿ ಇತ್ತು. ನಾನು ಕುಳಿತುಕೊಳ್ಳಲು ಹೋದೆ. ಅವರು ಅದರ ಮೇಲೆ ಟಿವಿ ಇಟ್ಟರು.

"ಅದರದು ಟಿಕೀಟ ತಗೊಂಡೀನಿ. ನಿಂದು ಫ್ರೀ ಅದಲ್ಲ, ಜರಾ ನಿಂದ್ರು. ಒಂದು ಕೈ ಅದಕ್ಕ ಹಿಡಿ, ಬ್ರೇಕ್ ಹಾಕಿದ್ರ ಬೀಳ್ತದ."

ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಟಿವಿ, ಕಾಲ ಬಳಿ ತವರಿನ ಚೀಲ. ಹಿಂದಿನ ಸೀಟಿನ ಅಜ್ಜಿಯೊಬ್ಬಳು ಚೀಲವನ್ನು ನೋಡಿ, "ಯಾವೂರಿಗಿ ಹೊಂಟಿ ಮಗಳೇ?" ಎಂದು ಕೇಳಿದಳು.

"ತವರಿಗಿರಿ."

"ತವರು ಯಾವುದು?"

"ಹುಮನಾಬಾದ."

"ಅಯ್ಯ! ಈ ಬಸ್ಸು ಕಲ್ಯಾಣಕ್ಕ ಹೊಂಟದಲ್ಲ!"

"ಗೊತ್ತದರಿ," ಎಂದೆ.

ಅವ್ವನ ಫೈಸಲಾ

ದಸರೆಯ ಹೊತ್ತಿಗೆ ಜಗಳ ಹೊಸ ಸ್ಟೇಜಿಗೆ ಹೋಗಿತ್ತು. ಯಜಮಾನರು ಅಂಗೈಯಷ್ಟೇ ಇರುವ ಹೊಸದೊಂದು ಆಟದ ಡಬ್ಬಿಯನ್ನು ತರಿಸಿದರು. ಅದರಲ್ಲಿ ನಾಲ್ಕು ನೂರು ಹಳೆಯ ಆಟಗಳು. ನಮ್ಮ ದುರ್ದೈವಕ್ಕೆ ಕೋಟೆ ಆಟವೂ ಇತ್ತು. ಅದರೊಳಗಿನ ಕಂದೀಲಿನವನು ಬಿಳಿ ಡಬ್ಬಿಯವನಷ್ಟೇ ನಿಧಾನ. ಯಜಮಾನರು ಕುಣಿದರು. ಆದರೆ ಅವನು ಎಷ್ಟು ಸಲ ಬಿದ್ದರೂ ಸಾಯುವುದಿಲ್ಲ. ತಮ್ಮ, "ಸಾಯಲಾರದ ಆಟ ಒಂದು ಆಟೇನ್ರಿ? ಅದರ ಸಾಕ್ಷಿ ನಡೆಯಂಗಿಲ್ಲ," ಎಂದು ಅದನ್ನು ತಳ್ಳಿಹಾಕಿದ.

ಕೊನೆಗೆ ಎಲ್ಲ ವಾದವೂ ಒಂದೇ ಪ್ರಶ್ನೆಗೆ ಬಂದು ನಿಂತಿತು. ಏಳನೆಯ ಸ್ಟೇಜಿನ ಕೊನೆಯ ಬಾಗಿಲು ತೆರೆದರೆ ಏನು ಕಾಣುತ್ತದೆ? ಒಳಗೆ ಸೂರ್ಯ ಹುಟ್ಟುತ್ತಾನೆ ಎಂದು ಯಜಮಾನರು. ಇಲ್ಲ, ಆನೆ ಬಂದು ಮಾಲೆ ಹಾಕುತ್ತದೆ ಎಂದು ತಮ್ಮ. ಯಾರ ಡಬ್ಬಿಯಲ್ಲಿ ಸರಿಯಾದ ಕೊನೆ ಇದೆಯೋ ಅದೇ ಅಸಲಿ ಎಂದು ಇಬ್ಬರೂ ಒಪ್ಪಿದರು. ಇಷ್ಟು ಗಟ್ಟಿಯಾಗಿ ವಾದಿಸುವವರು ಕಣ್ಣಾರೆ ಕಂಡಿರಬೇಕು ಎಂದು ನೀವು ತಿಳಿಯುತ್ತೀರಿ. ಇಬ್ಬರೂ ಮೂರನೆಯ ಸ್ಟೇಜನ್ನೇ ದಾಟಿದವರಲ್ಲ. ಮೂವತ್ತು ವರ್ಷಗಳ ಹಿಂದೆ ಯಾವನೋ ಹೇಳಿದ್ದನ್ನು ಕೇಳಿದ್ದರು, ಅಷ್ಟೇ.

ಆ ದಿನ ಅವ್ವ ತಮ್ಮನ ಕೈಯಿಂದ ಫೋನು ಕಸಿದುಕೊಂಡಳು.

"ಮಗಳೇ, ಪಂಚಮಿ ಹೋತು, ಚೌತಿ ಹೋತು, ದಸರಾನೂ ಹೊಂಟದ. ಆ ಕಂದೀಲ ಹಿಡದಾಂವ ಯಾರ ಮಗ?"

"ಯಾರ ಮಗನೂ ಅಲ್ಲವ್ವಾ, ಅಂವ ಆಟದಾಂವ."

"ಅವನದು ನಮ್ಮದು ಬೀಗತನ ಅದ ಏನು?"

"ಇಲ್ಲವ್ವಾ."

"ಮತ್ತ ಅಂವ ನಿಧಾನ ಓಡ್ಲಿ, ಜಲ್ದಿ ಓಡ್ಲಿ, ಕುಂಟ್ಕೋತ ಹೋಗ್ಲಿ, ನನ್ನ ಮಗಳು ಯಾಕ ತವರಿಗಿ ಬರಬಾರದು? ಕೊಡು ಅಳಿಯಂದ್ರಿಗಿ."

ಊರಿಗೆಲ್ಲ ಹುಲಿಯಾದ ಯಜಮಾನರು ಅತ್ತೆಯ ಫೋನು ಬಂದರೆ ಎದ್ದು ನಿಲ್ಲುತ್ತಾರೆ. ಎದ್ದು ನಿಂತು, "ಹೂಂನ್ರಿ... ಹೌದ್ರಿ... ಹಂಗೇ ಆಗ್ಲಿರಿ," ಎಂದು ಮೂರು ಮಾತು ಹೇಳಿ, ಫೋನಿಟ್ಟು ಕುಳಿತರು. ದೀಪಾವಳಿಗೆ ಮಗಳು, ಅಳಿಯ ಇಬ್ಬರೂ ಬರಬೇಕು. ಎರಡೂ ಡಬ್ಬಿಗಳನ್ನು ತನ್ನ ಮುಂದೆ ಇಡಬೇಕು. ಅಲ್ಲೇ ಫೈಸಲಾ ಆಗಬೇಕು. ಇದು ಅವ್ವನ ಹುಕುಂ.

"ಮತ್ತ ನಿಮ್ಮ ಆಣಿ?" ಎಂದು ನಾನು ಮೆಲ್ಲಗೆ ಕೇಳಿದೆ.

"ಆಣಿ ಮಾಡಿದ್ದು ನಿನ್ನ ತಮ್ಮನ ಊರಿಗಿ ಹೋಗೋದಿಲ್ಲ ಅಂತ. ಇದು ನಮ್ಮ ಅತ್ತಿ ಊರು."

ಏಳನೆಯ ಸ್ಟೇಜ್

ದೀಪಾವಳಿಗೆ ಆಟೋ ಮಾಡಿಕೊಂಡು ಹೊರಟೆವು. ಡಬ್ಬಾ ಟಿವಿ, ಬಿಳಿ ಡಬ್ಬಿ, ಅದರ ವೈರುಗಳು, ಕ್ಯಾಸೆಟ್ಟುಗಳು ಎಲ್ಲಕ್ಕೂ ಜಾಗವಾದ ಮೇಲೆ ಉಳಿದ ಸಂದಿಯಲ್ಲಿ ನಾನು ಕುಳಿತೆ. ಆದರೂ ಬಸ್ಸಲ್ಲ, ಆಟೋ. ನಡುವೆ ಎಲ್ಲೂ ನಿಲ್ಲಿಸಬಾರದೆಂದು ಆಟೋದವನಿಗೆ ನಾನೇ ಹೇಳಿದ್ದೆ. ಪರಗಂಡಸರ ಜೊತೆ ನಾನಾಗಿ ಮಾತಾಡಿದ್ದು ಅದೇ ಮೊದಲು.

ಮನೆ ಮುಟ್ಟಿ, ಅವ್ವನ ಕಾಲಿಗೆ ಬಿದ್ದು ಏಳುವಷ್ಟರಲ್ಲಿ ಗಂಡಸರಿಬ್ಬರೂ ವೈರು ಜೋಡಿಸುತ್ತಿದ್ದರು. ಅವ್ವನ ಕೋಣೆಯಲ್ಲಿ ಎರಡು ಟಿವಿ: ತಮ್ಮನ ಗೋಡೆ ಟಿವಿ ಒಂದು, ಮೇಜಿನ ಮೇಲೆ ನಮ್ಮ ರಾಜೇಶ್ವರದ ಡಬ್ಬಾ ಒಂದು. ಮೊದಲು ತಮ್ಮನ ಕರಿ ಡಬ್ಬಿಯನ್ನು ನಮ್ಮ ಟಿವಿಗೆ ಹಚ್ಚಿದರು. ಬಣ್ಣವೆಲ್ಲ ಹಾರಿಹೋಗಿ, ಕೋಟೆ, ಗುಡ್ಡ, ಹೊಳೆ ಎಲ್ಲವೂ ಬೂದಿಯ ಬಣ್ಣಕ್ಕೆ ಬಂದವು.

ಯಜಮಾನರು ಚಪ್ಪಾಳೆ ತಟ್ಟಿದರು. "ಎಲ್ಲಿ ಹೋತು ನಿನ್ನ ಹೊಳಿ? ಬತ್ತಿ ಹೋತೇನು?"

"ಮಾಮಾ, ಅದು ನಿಮ್ಮ ಟಿವಿದ್ದು ತಪ್ಪು. ಸೌದಿ ಡಬ್ಬಿದು ಬಣ್ಣ ಅದಕ್ಕ ತಿಳಿಯಂಗಿಲ್ಲ. ಅದರ ಮ್ಯಾಲ ಕೋಳಿ ಕುಂದರಸಿದ್ರಂತಲ್ಲ, ಅದರದೇ ಬುದ್ಧಿ ಬಂದದ."

"ಕೋಳಿಗಿ ಇರೋ ತಾಳ್ಮಿ ನಿನಗ ಇದ್ರ ನನ್ನ ಕ್ಯಾಸೆಟ್ ಬಿಚ್ಚತಿದ್ದಿಲ್ಲ ನೀ."

ಅವ್ವ ಅಡಕಿ ಕತ್ತರಿಯಿಂದ ನೆಲಕ್ಕೆ ಟಕ್ ಎಂದು ಬಡಿದಳು. "ಬಣ್ಣದ್ದು ಬಿಡ್ರಿ. ಬಾಗಲಾ ತಗದ್ರ ಏನು ಕಾಣ್ತದ ಅದನ್ನ ತೋರಸ್ರಿ. ನನಗ ಒಲಿ ಮ್ಯಾಲ ಹಾಲ ಅವ."

ಬಿಳಿ ಡಬ್ಬಿಯನ್ನು ಡಬ್ಬಾ ಟಿವಿಗೆ, ಕರಿ ಡಬ್ಬಿಯನ್ನು ಗೋಡೆ ಟಿವಿಗೆ ಹಚ್ಚಿ ಇಬ್ಬರೂ ಆಡಲು ಕುಳಿತರು. ಯಜಮಾನರ ಮನುಷ್ಯ ಮೂರನೆಯ ಸ್ಟೇಜಿನ ಮೊದಲ ತಗ್ಗಿಗೆ ಬಿದ್ದ. ತಮ್ಮನವನನ್ನು ಬಾವಲಿ ಹೊಡೆಯಿತು. ಮತ್ತೆ ಬಿದ್ದ. ಮತ್ತೆ ಹೊಡೆಯಿತು. ಹಾಲು ಉಕ್ಕಿ ಆರಿತು, ಸಂಜೆಯ ಚಹಾ ಆಯಿತು, ಇಬ್ಬರ ಹೆಬ್ಬೆರಳೂ ಬಾತುಕೊಂಡವು. ಮೂರನೆಯ ಸ್ಟೇಜು ಮುಗಿಯಲಿಲ್ಲ.

ಆಗ ತಮ್ಮನ ಹೆಂಡತಿ ಬಾಗಿಲ ಮರೆಯಿಂದ ಹೇಳಿದಳು. "ಅಕ್ಕಾರಿಗಿ ಕೊಡ್ರಿ. ದಿನಾ ಮಧ್ಯಾಹ್ನ ಫೋನಿನಾಗ ನಿಮಗೆಲ್ಲಾ ಆಡಿ ತೋರಸಿದವ್ರು ಅವರೇ ಅಲ್ಲೇನು?"

ಗಂಡಸರಿಬ್ಬರೂ ನನ್ನನ್ನು ಈಗಷ್ಟೇ ಕಂಡವರಂತೆ ನೋಡಿದರು. ನನ್ನ ಮುಖ ಬಿಸಿಯಾಯಿತು. ಬೇಡ ಎನ್ನುವಷ್ಟರಲ್ಲಿ ಬಿಳಿ ಡಬ್ಬಿಯ ರಿಮೋಟು ಕೈಗೆ ಬಂದಿತ್ತು.

ಮೂರು ತಿಂಗಳಲ್ಲಿ ಆ ಕೋಟೆ ನನಗೆ ನನ್ನ ಅಡುಗೆಮನೆಯಷ್ಟೇ ಪರಿಚಿತವಾಗಿತ್ತು. ಎರಡನೆಯ ಸ್ಟೇಜಿನಲ್ಲಿ ನಿಲ್ಲಿಸು ಎಂಬ ಅಪ್ಪಣೆ ಫೋನು ಇಡುವ ತನಕ ಮಾತ್ರ; ಆಮೇಲೆ ನಾನೊಬ್ಬಳೇ ಮುಂದಕ್ಕೆ ಆಡುತ್ತಿದ್ದೆ, ಕೊನೆಯ ಬಾಗಿಲನ್ನಷ್ಟೇ ಮುಟ್ಟಿರಲಿಲ್ಲ. ಎಲ್ಲಿ ಬಾಗಬೇಕು, ಯಾವ ಕಲ್ಲು ಉರುಳುತ್ತದೆ, ಯಾವ ಬಾವಲಿ ಮಾಯವಾದ ಮೇಲೂ ಹೊಡೆಯುತ್ತದೆ, ಎಲ್ಲವೂ ಕೈಗೆ ಗೊತ್ತಿತ್ತು. ನಾಲ್ಕು, ಐದು, ಆರು. ಏಳನೆಯ ಸ್ಟೇಜಿನಲ್ಲಿ ನನಗೆ ಒಂದೇ ಜೀವ ಉಳಿದಿತ್ತು. ಕೊನೆಯ ತಗ್ಗು ಬಂತು. ಅದರಾಚೆ ಬಾಗಿಲು ಕಾಣುತ್ತಿತ್ತು. ಎಲ್ಲರೂ ಚೆನ್ನಾಗಿ ನೋಡಲಿ ಎಂದು ಆಟವನ್ನು ಅಲ್ಲಿಯೇ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡೆ.

"ನೋಡ್ಕೋ," ಎಂದರು ಯಜಮಾನರು ತಮ್ಮನಿಗೆ. "ಇವತ್ತ ಮುಗೀತು. ಈಗ ಸೂರ್ಯ ಹುಟ್ಟತಾನ."

"ಹುಟ್ಟಲಿಲ್ಲ ಅಂದ್ರ?"

"ಹುಟ್ಟಲಿ ಬಿಡ್ಲಿ, ಮುಗೀತು. ಡಬ್ಬಿ ಕಟ್ಟಿ ಅಟ್ಟಕ್ಕ ಒಗೀತೀನಿ."

"ಮತ್ತ ಯಾವಾಗ ಬರ್ತೀರಿ ಮಾಮಾ?"

"ಯಾಕ ಬರ್ಲಿ? ಫೈಸಲಾನೇ ಆದ ಮ್ಯಾಗ ಇಲ್ಲೇನು ಕೆಲಸ? ಅಂಗಡಿ ಯಾರು ನೋಡ್ತಾರ? ಮುಂದಿನ ವರ್ಷ ಪಂಚಮಿಗಿ ಬಾ, ನಿನ್ನ ಅಕ್ಕನ್ನ ಕರ್ಕೊಂಡು ಹೋಗು."

ಮುಂದಿನ ವರ್ಷ ಪಂಚಮಿಗೆ! ಅವ್ವನ ಕಡೆ ನೋಡಿದೆ. ಅವಳು ಅಡಕಿ ಕತ್ತರಿಸುವುದನ್ನು ನಿಲ್ಲಿಸಿ, ನನ್ನ ಕೈಯನ್ನೇ ನೋಡುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಯಜಮಾನರು ತಾವಾಗಿ "ನಡಿ, ನಿನ್ನ ತವರಿಗಿ ಹೋಗೋಣ" ಎಂದು ಮನಸಾರೆ ಹೇಳಿದ್ದು ನನಗೆ ನೆನಪಿಲ್ಲ. ಬಾಗಿಲಿನ ಹಿಂದೆ ಸೂರ್ಯನಿರಲಿ, ಆನೆಯಿರಲಿ, ಅದು ತೆರೆದ ಕೂಡಲೇ ಈ ಮನೆಯ ಬಾಗಿಲು ನನಗೆ ಒಂಬತ್ತು ತಿಂಗಳು ಮುಚ್ಚುತ್ತದೆ.

ಆಟವನ್ನು ಮತ್ತೆ ಚಾಲೂ ಮಾಡಿದೆ. ಕಂದೀಲಿನವನು ಓಡಿದ. ತಗ್ಗಿನ ದಂಡೆಗೆ ಬಂದಾಗ ಹಾರಿಸುವ ಬಟನ್ನಿನ ಮೇಲಿದ್ದ ಬೆರಳನ್ನು ನಾನು ಒತ್ತಲಿಲ್ಲ. ಅವನು ಕಂದೀಲಿನ ಸಮೇತ ನೆಟ್ಟಗೆ ಒಳಗೆ ಹೋದ.

"ಅಯ್ಯಯ್ಯೋ!" ಎಂದು ಇಬ್ಬರೂ ಒಟ್ಟಿಗೆ ತಲೆಯ ಮೇಲೆ ಕೈ ಹೊತ್ತರು. ಮೂರು ತಿಂಗಳಲ್ಲಿ ಅವರಿಬ್ಬರ ಬಾಯಿಂದ ಒಂದೇ ಮಾತು ಬಂದದ್ದು ಅದೇ ಮೊದಲು.

"ಮತ್ತ ಮೊದಲಿಂದ ಆಡಬೇಕೇನು?" ಎಂದ ತಮ್ಮ.

"ಇವತ್ತ ಬ್ಯಾಡ, ಆಕೀಗಿ ಕೈ ಸೋತದ," ಎಂದರು ಯಜಮಾನರು ನನ್ನ ಮೇಲೆ ಎಂದೂ ಇಲ್ಲದ ಮರುಕದಿಂದ. "ಡಬ್ಬಿ, ಟಿವಿ ಇಲ್ಲೇ ಇರ್ಲಿ. ಬರೋ ಐತವಾರ ಇಬ್ಬರೂ ಬರ್ತೀವಿ. ಒಂದು ಸಲಕ್ಕ ಆಗಲಿಲ್ಲ ಅಂದ್ರ ಅದರ ಮುಂದಿನ ಐತವಾರ. ಬಿಡೋ ಮಾತೇ ಇಲ್ಲ."

"ಕರಿ ಡಬ್ಬಿದೂ ಆಡಬೇಕ್ರಿ ಮಾಮಾ. ಅದರದು ಬ್ಯಾರೇ ಐತವಾರ."

"ಆಡ್ಲಿ. ನನ್ನದೇನು ಹೋಗ್ತದ?"

ಇಬ್ಬರೂ ಯಾವ ಭಾನುವಾರ ಯಾವ ಡಬ್ಬಿ ಎಂದು ಮಾತಾಡುತ್ತ ಅಂಗಳಕ್ಕೆ ನಡೆದರು. ನಾನು ತಲೆ ತಗ್ಗಿಸಿ ರಿಮೋಟಿನ ವೈರು ಸುತ್ತುತ್ತಿದ್ದೆ. ಓದು ಬಾರದ, ಟಿವಿಯ ಬಟನ್ನು ಕೂಡ ಒತ್ತಲು ಬಾರದ ಅವ್ವ ಬಳಿಗೆ ಬಂದು ಕುಳಿತಳು. ನನ್ನ ಬಾಯಿಗೆ ಒಂದು ಅಡಕಿಹೋಳು ಹಾಕಿ, ಕಿವಿಯಲ್ಲಿ ಹೇಳಿದಳು:

"ಬರೋ ಐತವಾರ ಬ್ಯಾರೇ ತಗ್ಗಿನಾಗ ಬೀಳು ಮಗಳೇ. ಪ್ರತಿ ಸಲ ಅದೇ ತಗ್ಗಿನಾಗ ಬಿದ್ರ ಇವ್ರಿಗಿ ಸಂಶೇ ಬರ್ತದ."